ಆಸ್ಪತ್ರೆ ಟೆಕ್ನಿಷಿಯನ್‌ಗಳು ಯಾಕೆ ಉಳಿಯೋದಿಲ್ಲ?

ಪ್ರಶ್ನೆ: ನಾನು ಡಯಾಲಿಸಿಸ್ (ಕಿಡ್ನಿ ಕೆಟ್ಟವರ ರಕ್ತವನ್ನು ಯಂತ್ರದಲ್ಲಿ ಶುದ್ಧ ಮಾಡುವುದು) ಟೆಕ್ನಿಷಿಯನ್. ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ನಾನು ಬಂದಾಗ ನಮ್ಮ ಯೂನಿಟ್‌ನಲ್ಲಿ ಏಳು ಜನ ಇದ್ದೆವು. ಅದರಲ್ಲಿ ನಾಲ್ಕು ಜನ ಬಿಟ್ಟುಹೋದರು. ಅವರ ಜಾಗಕ್ಕೆ ಬಂದವರಲ್ಲೂ ಒಬ್ಬರು ಆಗಲೇ ಹೋದರು. ಲ್ಯಾಬ್, ಎಕ್ಸ್‌ರೇ, ಆಪರೇಷನ್ ಥಿಯೇಟರ್ (ಓಟಿ), ಎಲ್ಲ ಕಡೆ ಇದೇ ಕಥೆ ಅಂತ ಸ್ನೇಹಿತರು ಹೇಳುತ್ತಾರೆ. ನಮ್ಮ ಇನ್‌ಚಾರ್ಜ್ ಕೇಳಿದರೆ 'ಈಗಿನ ಹುಡುಗರಿಗೆ ತಾಳ್ಮೆ ಇಲ್ಲ' ಅಂತಾರೆ. ನಿಜವಾದ ಕಾರಣ ಏನು? ನಾನೂ ಬಿಡಬೇಕಾ?

ಉತ್ತರ: ನಿಮ್ಮ ಇನ್‌ಚಾರ್ಜ್ ಹೇಳುವ ಮಾತನ್ನು ಒಂದು ಕಾಲದಲ್ಲಿ ನಾನೂ ಹೇಳುತ್ತಿದ್ದೆ. ಹನ್ನೊಂದು ವರ್ಷ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿದ್ದೆ, ಆಮೇಲೆ ಲ್ಯಾಬ್ ನಡೆಸಿದೆ. ಈಗ ಆಸ್ಪತ್ರೆಗಳಿಗೆ ಎಷ್ಟು ಸಿಬ್ಬಂದಿ ಬೇಕು, ಯಾರಿಗೆ ಯಾವಾಗ ಡ್ಯೂಟಿ ಅನ್ನುವ ರೋಸ್ಟರ್ ಹೇಗಿರಬೇಕು ಅಂತ ಲೆಕ್ಕ ಹಾಕಿಕೊಡುತ್ತೇನೆ. ಈ ಲೆಕ್ಕದ ಕೆಲಸಕ್ಕೆ ಬಂದ ಮೇಲೇ ತಾಳ್ಮೆಯ ಮಾತು ನನ್ನ ಬಾಯಿಂದ ನಿಂತಿದ್ದು.

ಯಾಕೆ ಅಂತ ಹೇಳುತ್ತೇನೆ. ಒಂದು ಆಸ್ಪತ್ರೆಯಲ್ಲಿ ಇಪ್ಪತ್ತು ಟೆಕ್ನಿಷಿಯನ್ ಹುದ್ದೆ ಇದೆ, ವರ್ಷಕ್ಕೆ ಎಂಟು ಜನ ಬಿಟ್ಟರು ಅಂತಿಟ್ಟುಕೊಳ್ಳಿ. ಆಫೀಸಿನ ಕಾಗದದಲ್ಲಿ ಇದು ನೂರಕ್ಕೆ 40 ಅಂತ ಕಾಣುತ್ತದೆ. ನೋಡಿದವರಿಗೆ ಎಲ್ಲರೂ ಓಡಿಹೋಗುತ್ತಿದ್ದಾರೆ ಅನಿಸುತ್ತದೆ. ಆದರೆ ಬಿಟ್ಟವರ ಹೆಸರಿನ ಬದಲು ಖಾಲಿಯಾದ ಕುರ್ಚಿಯನ್ನು, ಅಂದರೆ ಹುದ್ದೆಯನ್ನು, ಬರೆಯುತ್ತಾ ಹೋದರೆ ಬೇರೆಯೇ ಚಿತ್ರ ಸಿಗುತ್ತದೆ. ಹದಿನಾರು ಕುರ್ಚಿಯಲ್ಲಿ ವರ್ಷಪೂರ್ತಿ ಅದೇ ಜನ. ಉಳಿದ ನಾಲ್ಕೇ ಕುರ್ಚಿಯಲ್ಲಿ ಎಂಟು ಸಲ ಆಳು ಬದಲಾಗಿದೆ. ಇದು ಉದಾಹರಣೆಗೆ ಹೇಳಿದ ಲೆಕ್ಕ, ಆದರೆ ಇದೇ ಆಕಾರವನ್ನು ಮತ್ತೆ ಮತ್ತೆ ನೋಡಿದ್ದೇನೆ. ಕಾರಣ ತಾಳ್ಮೆ ಆಗಿದ್ದರೆ ಬಿಡುವವರು ಎಲ್ಲ ಕುರ್ಚಿಗಳಲ್ಲೂ ಹಂಚಿಹೋಗಿರಬೇಕಿತ್ತು. ತಾಳ್ಮೆ ಇಲ್ಲದವರೇ ಹುಡುಕಿಕೊಂಡು ಬಂದು ಅದೇ ನಾಲ್ಕು ಕುರ್ಚಿಯಲ್ಲಿ ಕೂರುತ್ತಾರಾ?

ಆ ನಾಲ್ಕು ಕುರ್ಚಿ ಯಾವುದು ಅಂತ ವಿಚಾರಿಸಿದರೆ ಉತ್ತರ ಸಾಮಾನ್ಯವಾಗಿ ಒಂದೇ. ನೈಟ್ ಡ್ಯೂಟಿ ಜಾಸ್ತಿ ಬೀಳುವ ಕುರ್ಚಿ, ಇಲ್ಲವೇ ಯಾರು ರಜೆ ಹಾಕಿದರೂ ಅವರ ಜಾಗಕ್ಕೆ ಎಳೆದು ಹಾಕುವ ಕುರ್ಚಿ. ಹೊಸಬರನ್ನು ಕೂರಿಸುವುದೂ ಅಲ್ಲೇ. ಅದಕ್ಕೇ ಬಿಟ್ಟುಹೋಗುವವರಲ್ಲಿ ಮೊದಲ ವರ್ಷದವರೇ ಹೆಚ್ಚು ಕಾಣುತ್ತಾರೆ, ಮತ್ತು ಮೊದಲ ವರ್ಷದವರು ಅಂದಮೇಲೆ ಚಿಕ್ಕ ವಯಸ್ಸಿನವರೇ ಇರುತ್ತಾರೆ. 'ಈಗಿನ ಹುಡುಗರು' ಅನ್ನುವ ಮಾತು ಹುಟ್ಟುವುದು ಇಲ್ಲಿಂದ.

ಈಗ ನಿಮ್ಮ ಡಯಾಲಿಸಿಸ್ ಯೂನಿಟ್ಟನ್ನೇ ತೆಗೆದುಕೊಳ್ಳೋಣ. ನಿಮಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಬೇರೆ ಓದುಗರಿಗಾಗಿ ಸ್ವಲ್ಪ ತಡೆದುಕೊಳ್ಳಿ. ಒಬ್ಬ ರೋಗಿಗೆ ಒಂದು ಸಲದ ಡಯಾಲಿಸಿಸ್ ಸುಮಾರು ನಾಲ್ಕು ಗಂಟೆ. ಸಾಮಾನ್ಯವಾಗಿ ವಾರಕ್ಕೆ ಮೂರು ಸಲ. ದಿನಕ್ಕೆ ಮೂರು ಪಾಳಿ ರೋಗಿಗಳನ್ನು ತೆಗೆದುಕೊಳ್ಳುವ ಯೂನಿಟ್ ಆದರೆ ಯಂತ್ರ ಓಡುವುದೇ ಹನ್ನೆರಡು ಗಂಟೆ. ನಡುವೆ ಎರಡು ಬಿಡುವು. ಆ ಬಿಡುವು ಅರ್ಧ ಗಂಟೆ ಅಂತ ರೋಸ್ಟರ್ ಮಾಡಿದವರು ಬರೆದಿರುತ್ತಾರೆ.

ಆ ಅರ್ಧ ಗಂಟೆಯಲ್ಲಿ ಆಗಬೇಕಾದ್ದು ಏನೇನು? ಕೊಳವೆಯಲ್ಲಿರುವ ರಕ್ತವನ್ನು ರೋಗಿಗೆ ವಾಪಸ್ ಕೊಡಬೇಕು. ಎರಡು ದಪ್ಪ ಸೂಜಿ ತೆಗೆಯಬೇಕು. ಫಿಸ್ಟುಲಾ ಜಾಗವನ್ನು, ಅಂದರೆ ಸೂಜಿ ಹಾಕಲೆಂದೇ ಆಪರೇಷನ್ ಮಾಡಿ ಕೂಡಿಸಿದ ಕೈಯ ರಕ್ತನಾಳವನ್ನು, ಹತ್ತು ನಿಮಿಷವಾದರೂ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ರಕ್ತ ಚಿಮ್ಮುತ್ತದೆ. ರೋಗಿಯನ್ನು ಎದ್ದು ನಿಲ್ಲಿಸಿ ಬಿಪಿ ನೋಡಬೇಕು, ತೂಕ ನೋಡಬೇಕು. ಬಳಸಿದ ಟ್ಯೂಬ್ ಬಿಚ್ಚಿ ಎಸೆಯಬೇಕು. ಕುರ್ಚಿ, ಯಂತ್ರದ ಮೈ ಒರೆಸಬೇಕು. ಯಂತ್ರವನ್ನು ಡಿಸ್‌ಇನ್‌ಫೆಕ್ಷನ್‌ಗೆ ಹಾಕಿದರೆ ಅದಕ್ಕೇ ಅರ್ಧ ಗಂಟೆ ಹತ್ತಿರ ಬೇಕು. ಆಮೇಲೆ ಹೊಸ ಡಯಲೈಸರ್ (ರಕ್ತ ಸೋಸುವ ಫಿಲ್ಟರ್), ಹೊಸ ಟ್ಯೂಬ್, ಅವುಗಳಲ್ಲಿ ಸಲೈನ್ ತುಂಬಿ ಗಾಳಿ ತೆಗೆಯುವ ಪ್ರೈಮಿಂಗ್. ಮುಂದಿನ ರೋಗಿಯ ತೂಕ, ಬಿಪಿ, ಕೈ ನೋಡಿ ಸೂಜಿ. ಒಬ್ಬ ರೋಗಿ ಆದರೆ ಹೇಗೋ ಆಯಿತು. ಒಬ್ಬ ಟೆಕ್ನಿಷಿಯನ್ ಕೈಯಲ್ಲಿ ನಾಲ್ಕು ಯಂತ್ರ ಇದ್ದು, ನಾಲ್ಕೂ ಹತ್ತು ನಿಮಿಷದ ಅಂತರದಲ್ಲಿ ಮುಗಿದರೆ? ಅಷ್ಟರಲ್ಲಿ ಮೂರನೇ ಕುರ್ಚಿಯ ರೋಗಿಗೆ ಬಿಪಿ ಇಳಿದು ಕಾಲು ಸೆಳೆತ ಶುರುವಾದರೆ?

ಕಾಗದದ ಅರ್ಧ ಗಂಟೆಗೂ ನಿಜವಾದ ಒಂದು ಗಂಟೆಗೂ ನಡುವಿನ ವ್ಯತ್ಯಾಸ ಎಲ್ಲಿಂದ ಬರುತ್ತದೆ? ನಿಮ್ಮ ಊಟದಿಂದ ಬರುತ್ತದೆ. ನೀವು ಮೂತ್ರಕ್ಕೆ ಹೋಗದೆ ತಡೆದುಕೊಂಡ ಹೊತ್ತಿನಿಂದ ಬರುತ್ತದೆ. ಡ್ಯೂಟಿ ಮುಗಿದ ಮೇಲೆ ಲೆಕ್ಕಕ್ಕೆ ಬಾರದೆ ನಿಂತ ನಲವತ್ತು ನಿಮಿಷದಿಂದ ಬರುತ್ತದೆ. ಯಾವ ಖಾತೆಯಲ್ಲೂ ಇದು ಖರ್ಚು ಅಂತ ಕಾಣುವುದಿಲ್ಲ. ಒಂದು ದಿನ ನೀವು ರಾಜೀನಾಮೆ ಕೊಟ್ಟಾಗ ಮಾತ್ರ ಒಟ್ಟಿಗೆ ಕಾಣುತ್ತದೆ, ಆಗಲೂ ಅದಕ್ಕೆ ತಾಳ್ಮೆ ಸಾಲಲಿಲ್ಲ ಅಂತ ಹೆಸರು.

ಕೆಲಸ ಕಷ್ಟ ಅನ್ನುವುದೊಂದೇ ಕಾರಣ ಆಗಿದ್ದರೆ ಆಸ್ಪತ್ರೆಯಲ್ಲಿ ಯಾರೂ ಉಳಿಯಬಾರದಿತ್ತು. ಶಸ್ತ್ರಚಿಕಿತ್ಸಕರೂ ಮಧ್ಯರಾತ್ರಿ ಎದ್ದು ಬರುತ್ತಾರೆ. ವ್ಯತ್ಯಾಸ ಇರುವುದು ಬೇರೆ ಕಡೆ. 1979ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಕರಾಸೆಕ್ ಒಂದು ಮಾತು ಹೇಳಿದರು. ಕೆಲಸದ ಹೊರೆ ಎಷ್ಟಿದೆ ಅನ್ನುವುದನ್ನು ಮಾತ್ರ ನೋಡಬೇಡಿ, ಆ ಕೆಲಸವನ್ನು ಹೇಗೆ ಮಾಡಬೇಕು ಅನ್ನುವ ನಿರ್ಧಾರ ಎಷ್ಟರ ಮಟ್ಟಿಗೆ ಅವರ ಕೈಯಲ್ಲಿದೆ ಅಂತಲೂ ನೋಡಿ ಅಂತ. ಹೊರೆ ಜಾಸ್ತಿ, ನಿರ್ಧಾರವೂ ಕೈಯಲ್ಲಿದೆ ಅಂದರೆ ಮನುಷ್ಯ ದಣಿಯುತ್ತಾನೆ, ಆದರೂ ಬೆಳೆಯುತ್ತಾನೆ. ಹೊರೆ ಜಾಸ್ತಿ, ನಿರ್ಧಾರ ಮಾತ್ರ ಬೇರೆಯವರದ್ದು ಅಂದರೆ ಸವೆದುಹೋಗುತ್ತಾನೆ. ಟೆಕ್ನಿಷಿಯನ್ ಕುರ್ಚಿ ಈ ಎರಡನೇ ಜಾತಿಯದ್ದು. ಜವಾಬ್ದಾರಿ ತಜ್ಞರಷ್ಟು, ಮಾತಿಗೆ ಸಿಗುವ ಬೆಲೆ ಸಹಾಯಕರಷ್ಟು.

ಇದು ಹೇಗಿರುತ್ತದೆ ಅಂತ ನನ್ನದೇ ಒಂದು ರಾತ್ರಿಯ ಕಥೆ ಹೇಳುತ್ತೇನೆ. ಕೆಲಸಕ್ಕೆ ಸೇರಿ ಎರಡನೇ ವರ್ಷ. ರಾತ್ರಿ ಮೂರರ ಸುಮಾರಿಗೆ ವಾರ್ಡ್‌ನಿಂದ ಒಂದು ಸ್ಯಾಂಪಲ್ ಬಂತು. ಸೆಂಟ್ರಿಫ್ಯೂಜ್‌ನಿಂದ ತೆಗೆದಾಗ ಸೀರಂ, ಅಂದರೆ ರಕ್ತಕಣ ಕೆಳಗೆ ಕೂತಾಗ ಮೇಲೆ ನಿಲ್ಲುವ ದ್ರವ, ತಿಳಿ ಹಳದಿ ಇರಬೇಕಿತ್ತು, ಗುಲಾಬಿ ಬಣ್ಣಕ್ಕೆ ತಿರುಗಿತ್ತು. ರಕ್ತ ಎಳೆಯುವಾಗ ಕಣಗಳು ಒಡೆದಿವೆ ಅಂತ ಅರ್ಥ. ಒಡೆದ ಕಣದೊಳಗಿನ ಪೊಟ್ಯಾಸಿಯಂ ಎಲ್ಲ ಹೊರಗೆ ಬಂದಿರುತ್ತದೆ. ಯಂತ್ರ 6.9 ತೋರಿಸಿತು. ಸಾಮಾನ್ಯ ಮಟ್ಟ 3.5ರಿಂದ 5ರವರೆಗೆ. 6.9 ಅಂದರೆ ಹೃದಯ ನಿಲ್ಲುವ ಭಯ, ಕೂಡಲೇ ಇಳಿಸಲು ಔಷಧಿ ಶುರು ಮಾಡುತ್ತಾರೆ.

ನಾನು ರಿಪೋರ್ಟ್ ತಡೆಹಿಡಿದು ವಾರ್ಡ್‌ಗೆ ಫೋನ್ ಮಾಡಿದೆ. ಸ್ಯಾಂಪಲ್ ಹೀಮೊಲೈಸ್ ಆಗಿದೆ, ಇನ್ನೊಮ್ಮೆ ಕಳಿಸಿ ಅಂದೆ. ಆ ಕಡೆಯಿಂದ ಬೈಗುಳ. ಆಗಲೇ ಎರಡು ಸಲ ಚುಚ್ಚಿದ್ದೇವೆ, ನಿಮಗೆ ಒಂದು ಸ್ಯಾಂಪಲ್ ಸರಿಯಾಗಿ ಓಡಿಸೋಕೆ ಬರಲ್ವಾ ಅಂತ. ಹದಿನೈದು ನಿಮಿಷ ಜಗಳ ಆದ ಮೇಲೆ ಎರಡನೇ ಸ್ಯಾಂಪಲ್ ಬಂತು. 4.3. ಆ ರೋಗಿಯ ಪೊಟ್ಯಾಸಿಯಂ ಸರಿಯಾಗೇ ಇತ್ತು. ಇಳಿಸುವ ಔಷಧಿ ಕೊಟ್ಟಿದ್ದರೆ ತೀರಾ ಕೆಳಗೆ ಇಳಿದು ಅದೇ ಹೃದಯಕ್ಕೆ ಅಪಾಯ ಆಗುತ್ತಿತ್ತು.

ಬೆಳಗ್ಗೆ ದೂರಿನ ಪುಸ್ತಕದಲ್ಲಿ ಒಂದೇ ಸಾಲು ಇತ್ತು: ಲ್ಯಾಬ್‌ನಿಂದ ರಿಪೋರ್ಟ್ ತಡ. ಅದಕ್ಕೆ ನಾನೇ ಲಿಖಿತ ಉತ್ತರ ಕೊಡಬೇಕಾಯಿತು.

ಅದಾದ ನಾಲ್ಕು ತಿಂಗಳಿಗೆ ನಾನು ಆ ಆಸ್ಪತ್ರೆ ಬಿಟ್ಟೆ. ಬಿಡುವಾಗ ತುಂಬುವ ಫಾರಂನಲ್ಲಿ ಕಾರಣ ಅಂತ ಒಂದು ಕಾಲಂ ಇತ್ತು. 'ಉನ್ನತ ವ್ಯಾಸಂಗ' ಅಂತ ಬರೆದೆ. ಯಾವ ವ್ಯಾಸಂಗವೂ ಮಾಡಲಿಲ್ಲ, ಮುಂದಿನ ವಾರ ಇನ್ನೊಂದು ಲ್ಯಾಬ್‌ಗೆ ಸೇರಿದೆ. ಯಾಕೆ ಹಾಗೆ ಬರೆದೆ ಅಂದರೆ, ಅನುಭವ ಪತ್ರಕ್ಕೆ ಸಹಿ ಹಾಕಬೇಕಾದವರು ಅದೇ ಫಾರಂ ಓದುತ್ತಾರೆ. ಬಿಟ್ಟುಹೋದ ನಿಮ್ಮ ನಾಲ್ಕು ಜನ ಏನು ಬರೆದರು ಅಂತ ನನಗೆ ಗೊತ್ತಿಲ್ಲ. ಆದರೆ 'ವೈಯಕ್ತಿಕ ಕಾರಣ', 'ಮನೆಯ ತೊಂದರೆ', 'ಉನ್ನತ ವ್ಯಾಸಂಗ' ಈ ಮೂರರಲ್ಲಿ ಒಂದಿರುತ್ತದೆ ಅಂತ ಧೈರ್ಯವಾಗಿ ಹೇಳಬಲ್ಲೆ. ಆಸ್ಪತ್ರೆಗಳು ಈ ಫಾರಂಗಳನ್ನು ಕೂಡಿಹಾಕಿ ಕಾರಣ ಹುಡುಕುತ್ತವೆ. ಸುಮ್ನೆ ಕಾಗದ ದಂಡ. ನಿಜ ತಿಳಿಯಬೇಕಾದರೆ ಬಿಟ್ಟು ಆರು ತಿಂಗಳಾದ ಮೇಲೆ, ಅನುಭವ ಪತ್ರ ಕೈಗೆ ಬಂದ ಮೇಲೆ, ಆ ಆಸ್ಪತ್ರೆಗೆ ಸಂಬಂಧ ಇಲ್ಲದ ಯಾರಾದರೂ ಫೋನ್ ಮಾಡಿ ಕೇಳಬೇಕು. ನಾನು ಈಗ ಹಾಗೇ ಮಾಡುತ್ತೇನೆ. ಎಷ್ಟು ಹೊತ್ತು ಮಾತಾಡುತ್ತಾರೆ ಗೊತ್ತಾ!

ಈ ಕಥೆ ಲ್ಯಾಬ್‌ನದ್ದೊಂದೇ ಅಲ್ಲ. ಲ್ಯಾಬ್ ತಪ್ಪುಗಳು ಅಂತ ಕರೆಯುವುದರಲ್ಲಿ ಹೆಚ್ಚಿನ ಪಾಲು ನಡೆಯುವುದು ಸ್ಯಾಂಪಲ್ ಯಂತ್ರಕ್ಕೆ ಹೋಗುವ ಮೊದಲೇ: ತಪ್ಪು ಟ್ಯೂಬ್, ತಪ್ಪು ಹೆಸರು, ಕಡಿಮೆ ರಕ್ತ, ತಡವಾಗಿ ಬಂದದ್ದು. ಆದರೂ ಉತ್ತರ ಕೊಡುವವರು ಯಂತ್ರದ ಮುಂದೆ ಇರುವವರು. ಇನ್ನು ಓಟಿಯ ಉಪಕರಣ ತೊಳೆದು ಸ್ಟೆರಿಲೈಸ್ ಮಾಡುವ ವಿಭಾಗ ಇದೆಯಲ್ಲ, ಸಿಎಸ್‌ಎಸ್‌ಡಿ, ಅಲ್ಲಿಯವರನ್ನು ಆಸ್ಪತ್ರೆಯಲ್ಲಿ ಅರ್ಧ ಜನ ನೋಡಿಯೇ ಇರುವುದಿಲ್ಲ. ಬೆಳಗ್ಗೆ ಮೊದಲು ಉಗಿಯಲ್ಲಿ ಸ್ಟೆರಿಲೈಸ್ ಮಾಡುವ ಖಾಲಿ ಆಟೋಕ್ಲೇವ್‌ಗೆ ಟೆಸ್ಟ್ ಪ್ಯಾಕ್ ಹಾಕಿ ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗುತ್ತಿದೆಯಾ ಅಂತ ಪರೀಕ್ಷೆ ಮಾಡಬೇಕು. ಆಮೇಲೆ ಒಂದೊಂದೇ ಟ್ರೇ ಜೋಡಿಸಿ 134 ಡಿಗ್ರಿ ಉಗಿಯಲ್ಲಿ ಕನಿಷ್ಠ ಮೂರು ನಿಮಿಷ ಹಿಡಿಯಬೇಕು. ಸರಿಯಾಗಿ ನಡೆದರೆ ಆಪರೇಷನ್ ಆದ ರೋಗಿಗೆ ಉಪಕರಣದಿಂದ ಸೋಂಕು ಬರುವುದಿಲ್ಲ. ಬಾರದ ಸೋಂಕಿಗೆ ಯಾರು ಧನ್ಯವಾದ ಹೇಳುತ್ತಾರೆ? ಎಂಬತ್ತು ಉಪಕರಣದ ಟ್ರೇಯಲ್ಲಿ ಒಂದು ಕ್ಲಿಪ್ ಕಡಿಮೆ ಬಂದ ದಿನ ಮಾತ್ರ ಓಟಿಯಿಂದ ಫೋನ್ ಬರುತ್ತದೆ.

ಮೈಯ ಕಷ್ಟವನ್ನೂ ಹೇಳಬೇಕು, ಆದರೆ ಜನ ಅಂದುಕೊಳ್ಳುವ ರೀತಿಯಲ್ಲಿ ಅಲ್ಲ. ಎಕ್ಸ್‌ರೇ ಟೆಕ್ನಿಷಿಯನ್‌ಗಳು ವಿಕಿರಣಕ್ಕೆ ಹೆದರಿ ಬಿಡುತ್ತಾರೆ ಅನ್ನುವುದು ಹೊರಗಿನವರ ಊಹೆ. ವಿಕಿರಣ ಕೆಲಸ ಮಾಡುವವರಿಗೆ ಅಂತರರಾಷ್ಟ್ರೀಯ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ಸರಿಯಾಗಿ ನಡೆಯುವ ವಿಭಾಗದಲ್ಲಿ ವಿಕಿರಣ ಅಳೆಯಲು ಹಾಕಿಕೊಳ್ಳುವ ಬ್ಯಾಡ್ಜ್ ತೋರಿಸುವುದು ಅದಕ್ಕಿಂತ ಎಷ್ಟೋ ಕಡಿಮೆ. ಅವರನ್ನು ಕಾಡುವುದು ವಿಕಿರಣ ತಡೆಯುವ ಸೀಸದ ಏಪ್ರನ್. ಹೃದಯದ ರಕ್ತನಾಳಕ್ಕೆ ಚಿಕಿತ್ಸೆ ಮಾಡುವ ಕ್ಯಾಥ್ ಲ್ಯಾಬ್‌ನಲ್ಲಿ ಅದನ್ನು ಹೊತ್ತು ದಿನಗಟ್ಟಲೆ ನಿಂತವರ ಸೊಂಟ, ಕುತ್ತಿಗೆ ಕೇಳಿ ನೋಡಿ. ಅಲ್ಟ್ರಾಸೌಂಡ್ ಮಾಡುವ ಸೋನೋಗ್ರಾಫರ್‌ಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜನ ಭುಜ, ಕುತ್ತಿಗೆ, ಮಣಿಕಟ್ಟಿನ ನೋವಿನಲ್ಲೇ ಕೆಲಸ ಮಾಡುತ್ತಾರೆ ಅಂತ ಹಲವು ಸಮೀಕ್ಷೆಗಳು ಹೇಳಿವೆ. ಒಂದು ಕೈ ಚಾಚಿ, ಪ್ರೋಬ್ ಒತ್ತಿ ಹಿಡಿದು, ಕುತ್ತಿಗೆ ಮಾತ್ರ ಸ್ಕ್ರೀನ್ ಕಡೆ ತಿರುಗಿಸಿ ಕೂತರೆ ಮತ್ತೇನಾಗುತ್ತದೆ?

ನೈಟ್ ಡ್ಯೂಟಿ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲೇ ರಾತ್ರಿ ಪಾಳಿಯನ್ನು ಕ್ಯಾನ್ಸರ್ ತರುವ ಸಂಭವ ಇರುವ ಪಟ್ಟಿಗೆ ಸೇರಿಸಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸಿತು. ಆದರೆ ನನ್ನ ಅನುಭವದಲ್ಲಿ ನೈಟ್‌ಗಿಂತ ಜಾಸ್ತಿ ಜನರನ್ನು ಓಡಿಸುವುದು ರಾತ್ರಿ ಹತ್ತಕ್ಕೆ ಬಿಟ್ಟು ಬೆಳಗ್ಗೆ ಆರಕ್ಕೆ ಮತ್ತೆ ಬಾ ಅನ್ನುವ ರೋಸ್ಟರ್. ಮಧ್ಯೆ ಎಂಟು ಗಂಟೆ. ಅದರಲ್ಲಿ ಮನೆಗೆ ಹೋಗಿ, ಉಂಡು, ಮಲಗಿ, ಎದ್ದು ಬರಬೇಕು. ಯುರೋಪಿಯನ್ ಒಕ್ಕೂಟದ ಕೆಲಸದ ಸಮಯದ ನಿಯಮದಲ್ಲಿ ದಿನಕ್ಕೆ ಒಟ್ಟಿಗೆ 11 ಗಂಟೆ ವಿಶ್ರಾಂತಿ ಅಂತ ಇರುವುದು ಸುಮ್ನೆ ಅಲ್ಲ. ರೋಸ್ಟರ್‌ನಲ್ಲಿ ಈ ಒಂದನ್ನು ತೆಗೆದರೆ ಆಸ್ಪತ್ರೆಗೆ ಹೆಚ್ಚು ಖರ್ಚೂ ಇಲ್ಲ. ಆದರೂ ತೆಗೆಯುವುದಿಲ್ಲ, ಯಾಕೆಂದರೆ ರೋಸ್ಟರ್ ಮಾಡುವವರಿಗೆ ರೋಸ್ಟರ್ ಮಾಡೋದನ್ನು ಯಾರೂ ಕಲಿಸಿರುವುದಿಲ್ಲ. ಒಳ್ಳೆಯ ಟೆಕ್ನಿಷಿಯನ್ ಅಂತ ಒಬ್ಬರನ್ನು ಇನ್‌ಚಾರ್ಜ್ ಮಾಡುತ್ತಾರೆ. ಮಾರನೇ ದಿನದಿಂದ ಅವರು ಜನರನ್ನು ನಡೆಸಬೇಕು, ರಜೆ ಹಂಚಬೇಕು, ಮೇಲಿನವರ ಬೈಗುಳ ತಿನ್ನಬೇಕು, ಜೊತೆಗೆ ತಮ್ಮ ಹಳೇ ಕೆಲಸವನ್ನೂ ಮಾಡಬೇಕು. ನಿಮ್ಮ ಇನ್‌ಚಾರ್ಜ್ ಮೇಲೆ ಸಿಟ್ಟಿದ್ದರೆ ಇದನ್ನೂ ಒಮ್ಮೆ ನೆನಪಿಸಿಕೊಳ್ಳಿ. ಅವರೂ ಅದೇ ಹಳ್ಳದಲ್ಲಿ ಇದ್ದಾರೆ, ಸ್ವಲ್ಪ ಮೇಲಿನ ಮೆಟ್ಟಿಲಲ್ಲಿ ಅಷ್ಟೇ.

ಈಗ ಮುಖ್ಯವಾದ ಲೆಕ್ಕಕ್ಕೆ ಬರುತ್ತೇನೆ. ಒಬ್ಬರು ಹೋದ ಕೂಡಲೇ ಇನ್ನೊಬ್ಬರು ಯಾಕೆ ಹೋಗುತ್ತಾರೆ ಅನ್ನುವುದು ಇದರಲ್ಲಿದೆ. ನಿಮ್ಮ ಯೂನಿಟ್‌ನಲ್ಲಿ ನಾಲ್ಕು ಜನ ಸಾಲಾಗಿ ಹೋದದ್ದು ಕಾಕತಾಳೀಯ ಅಲ್ಲ.

ವಾರಕ್ಕೆ 168 ಗಂಟೆ. ಹಗಲು ರಾತ್ರಿ ಒಬ್ಬರು ಇರಲೇಬೇಕಾದ ಒಂದು ಜಾಗ, ಉದಾಹರಣೆಗೆ ತುರ್ತು ಲ್ಯಾಬ್ ಅಥವಾ ಸಿಟಿ ಸ್ಕ್ಯಾನ್. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ ಆ ಒಂದು ಜಾಗ ತುಂಬಲು ಮೂರೂವರೆ ಜನ ಬೇಕು. ಇದಕ್ಕೆ ವಾರ್ಷಿಕ ರಜೆ, ಹುಷಾರಿಲ್ಲದ ದಿನ, ತರಬೇತಿ ಸೇರಿಸಿದರೆ ನಾಲ್ಕು ದಾಟುತ್ತದೆ. ಆದರೆ ಹುದ್ದೆ ಮಂಜೂರು ಮಾಡುವವರ ತಲೆಯಲ್ಲಿರುವುದು 'ಮೂರು ಶಿಫ್ಟ್, ಮೂರು ಜನ'. ಮೂರೇ ಜನ ಅಂದರೆ ಯಾರೂ ಒಂದು ದಿನವೂ ರಜೆ ಹಾಕದಿದ್ದರೂ ತಲೆಗೆ 56 ಗಂಟೆ. ಅಂದರೆ ಶುರುವಿನ ದಿನದಿಂದಲೇ ಸಾಲ.

ಅದರಲ್ಲಿ ಒಬ್ಬರು ಹೋದರು. ಉಳಿದ ಇಬ್ಬರಿಗೆ ತಲಾ 84 ಗಂಟೆ. ಅಷ್ಟು ಯಾರಿಂದಲೂ ಆಗುವುದಿಲ್ಲ, ಹಾಗಾಗಿ ಬೇರೆ ವಿಭಾಗದಿಂದ ಒಬ್ಬರನ್ನು ಎರವಲು ತರುತ್ತಾರೆ. ಅಲ್ಲಿ ಕೊರತೆ ಶುರು. ಹೊಸಬರನ್ನು ತೆಗೆದುಕೊಳ್ಳಲು ಒಂದೆರಡು ತಿಂಗಳು. ಬಂದವರು ಒಬ್ಬರೇ ನೈಟ್ ನಿಭಾಯಿಸುವ ಹಾಗೆ ಆಗಲು ಇನ್ನೂ ಎರಡು-ಮೂರು ತಿಂಗಳು. ಆ ತಿಂಗಳುಗಳಲ್ಲಿ ಹೊಸಬರು ಕೈ ಆಗುವುದಿಲ್ಲ, ಇದ್ದವರ ಇನ್ನೊಂದು ಕೈಯನ್ನೂ ಹಿಡಿಯುತ್ತಾರೆ, ಯಾಕೆಂದರೆ ಕಲಿಸಬೇಕಲ್ಲ. ಮೂರು ಸಲ ಹೀಗೆ ಕಲಿಸಿ, ಮೂರು ಸಲವೂ ಕಲಿತವರು ಹೋದ ಮೇಲೆ ಹಳಬರಿಗೆ ಕಲಿಸುವ ಮನಸ್ಸೇ ಹೋಗುತ್ತದೆ. ನಾಲ್ಕನೇ ಹೊಸಬರು ಬಂದಾಗ ಯಾರೂ ಮುಖ ಕೊಟ್ಟು ಮಾತಾಡುವುದಿಲ್ಲ. ಅವರು ಮೂರೇ ತಿಂಗಳಿಗೆ ಬಿಡುತ್ತಾರೆ. ಹಳಬರು 'ನಾವು ಹೇಳಲಿಲ್ವಾ?' ಅಂತಾರೆ.

ಆಸ್ಪತ್ರೆಯವರು ಇದನ್ನು ಕಂಡು ಓವರ್‌ಟೈಮ್ ಕೊಟ್ಟು ತಾತ್ಕಾಲಿಕ ಜನರನ್ನು ತರುತ್ತಾರೆ. ಗಂಟೆ ಲೆಕ್ಕದ ಆ ಜನರಿಗೆ ಎಷ್ಟೋ ಸಲ ಖಾಯಂ ಸಿಬ್ಬಂದಿಗಿಂತ ಜಾಸ್ತಿ ಕೊಡಬೇಕಾಗುತ್ತದೆ. ಪಕ್ಕದಲ್ಲಿ ನಿಂತು ಅದೇ ಕೆಲಸ ಮಾಡುವವರಿಗೆ ಇದು ಗೊತ್ತಾಗದೆ ಇರುತ್ತದಾ? ಮರುದಿನವೇ ಗೊತ್ತಾಗುತ್ತದೆ.

ಸಂಬಳದ ವಿಷಯ ಇಲ್ಲಿಗೇ ಬಂತು. ಸಂಬಳ ಕಾರಣ ಅಲ್ಲ ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳುವವರಿಗೆ ಸಾಮಾನ್ಯವಾಗಿ ಒಳ್ಳೆಯ ಸಂಬಳ ಇರುತ್ತದೆ. ಆದರೆ ಒಟ್ಟು ಮೊತ್ತಕ್ಕಿಂತ ಹೋಲಿಕೆ ಹೆಚ್ಚು ಚುಚ್ಚುತ್ತದೆ. ಆರು ವರ್ಷ ಇದ್ದವರಿಗೆ ವರ್ಷಕ್ಕಿಷ್ಟು ಅಂತ ಚೂರುಚೂರೇ ಏರಿರುತ್ತದೆ. ಹೊಸಬರು ಸಿಗುವುದಿಲ್ಲ ಅಂತ ಅವರಿಗೆ ಶುರುವಿನಲ್ಲೇ ಮಾರುಕಟ್ಟೆ ದರ ಕೊಡುತ್ತಾರೆ. ಕಲಿಸುವವರಿಗೂ ಕಲಿಯುವವರಿಗೂ ಹೆಚ್ಚುಕಮ್ಮಿ ಒಂದೇ ಸಂಬಳ. ಆಗ ಹಳಬರಿಗೆ ಅರ್ಥವಾಗುವುದು ಒಂದೇ: ಸಂಬಳ ಏರಬೇಕಾದರೆ ಆಸ್ಪತ್ರೆ ಬದಲಾಯಿಸಬೇಕು. ಬದಲಾಯಿಸುವುದು ಸುಲಭವೂ ಹೌದು. ಡಯಾಲಿಸಿಸ್ ಯಂತ್ರ ಎಲ್ಲಿ ಹೋದರೂ ಹೆಚ್ಚುಕಮ್ಮಿ ಅದೇ. ನಿಮ್ಮ ಕೈಯಲ್ಲಿರುವ ವಿದ್ಯೆಯನ್ನು ಚೀಲದಲ್ಲಿ ಹಾಕಿಕೊಂಡು ಹೋದ ಹಾಗೆ ಹೋಗಬಹುದು.

ಇದ್ದಲ್ಲೇ ಇದ್ದರೆ ಏರಲು ಮೆಟ್ಟಿಲೂ ಇಲ್ಲ. ಟೆಕ್ನಿಷಿಯನ್, ಸೀನಿಯರ್ ಟೆಕ್ನಿಷಿಯನ್, ಇನ್‌ಚಾರ್ಜ್. ಅಲ್ಲಿಗೆ ಮುಗಿಯಿತು. ಇನ್‌ಚಾರ್ಜ್ ಒಬ್ಬರೇ, ಅವರು ನಿವೃತ್ತಿ ಆಗುವವರೆಗೆ ಆ ಜಾಗ ಖಾಲಿ ಆಗುವುದಿಲ್ಲ. ಹಾಗಾಗಿ ಐದಾರು ವರ್ಷದ ಒಳ್ಳೆಯ ಟೆಕ್ನಿಷಿಯನ್ ಯಂತ್ರ ಮಾರುವ ಕಂಪನಿಗೆ ಹೋಗುತ್ತಾರೆ, ಬೇರೆ ಆಸ್ಪತ್ರೆಯವರಿಗೆ ಯಂತ್ರ ಕಲಿಸುವ ಕೆಲಸಕ್ಕೆ. ನೈಟ್ ಇಲ್ಲ, ಮಾತಿಗೆ ಬೆಲೆ ಇದೆ. ಇಂಥವರನ್ನು ನಾನು ತಪ್ಪು ಅನ್ನುವುದಿಲ್ಲ. ಹಾಗೆ ಹೋಗುವವರು ಎಲ್ಲ ಕಾಲಕ್ಕೂ ಇರುತ್ತಾರೆ, ಇರಬೇಕು ಕೂಡ. ಆಸ್ಪತ್ರೆ ಚಿಂತೆ ಮಾಡಬೇಕಾದ್ದು ಆರು ವರ್ಷಕ್ಕೆ ಹೋದವರ ಬಗ್ಗೆ ಅಲ್ಲ, ಆರು ತಿಂಗಳಿಗೆ ಹೋದವರ ಬಗ್ಗೆ.

ಡಯಾಲಿಸಿಸ್‌ನವರಿಗೆ ಇನ್ನೊಂದು ಇದೆ, ಬೇರೆ ಟೆಕ್ನಿಷಿಯನ್‌ಗಳಿಗೆ ಅಷ್ಟಾಗಿ ಇಲ್ಲದ್ದು. ಎಕ್ಸ್‌ರೇಗೆ ಬಂದ ರೋಗಿ ಐದು ನಿಮಿಷಕ್ಕೆ ಹೋಗುತ್ತಾರೆ. ನಿಮ್ಮ ರೋಗಿ ವಾರಕ್ಕೆ ಮೂರು ದಿನ, ವರ್ಷಗಟ್ಟಲೆ ಬರುತ್ತಾರೆ. ಅವರ ಮಗಳ ಪರೀಕ್ಷೆ ಯಾವಾಗ ಅಂತ ನಿಮಗೆ ಗೊತ್ತಿರುತ್ತದೆ. ಯಾವ ಕೈಯ ಯಾವ ಜಾಗದಲ್ಲಿ ಸೂಜಿ ಹಾಕಿದರೆ ಅವರಿಗೆ ನೋವು ಕಡಿಮೆ ಅಂತ ನಿಮ್ಮ ಬೆರಳಿಗೆ ಗೊತ್ತಿರುತ್ತದೆ. ಒಂದು ದಿನ ಆ ಕುರ್ಚಿ ಖಾಲಿ. ಮುಂದಿನ ಪಾಳಿಗೆ ಅಲ್ಲಿ ಇನ್ನೊಬ್ಬರನ್ನು ಕೂರಿಸಿ ನೀವು ಪ್ರೈಮಿಂಗ್ ಶುರು ಮಾಡಬೇಕು. ಡಾಕ್ಟರ್, ನರ್ಸ್‌ಗಳ ದುಃಖದ ಬಗ್ಗೆ ಆಸ್ಪತ್ರೆಗಳು ಈಗೀಗ ಮಾತಾಡುತ್ತವೆ. ಟೆಕ್ನಿಷಿಯನ್‌ಗೂ ಆ ದುಃಖ ಇರುತ್ತದೆ ಅಂತ ಯಾರಿಗೂ ಹೊಳೆಯುವುದೇ ಇಲ್ಲ. ಫೋನ್‌ನಲ್ಲಿ ಮಾತಾಡಿದ ಒಬ್ಬ ಹುಡುಗಿ ಸಂಬಳ, ನೈಟ್, ಇನ್‌ಚಾರ್ಜ್ ಎಲ್ಲದರ ಬಗ್ಗೆ ಅರ್ಧ ಗಂಟೆ ದೂರು ಹೇಳಿ, ಕೊನೆಗೆ ಸುಮ್ಮನಾಗಿ, 'ಏಳನೇ ನಂಬರ್ ಕುರ್ಚಿ ನೋಡೋಕಾಗ್ತಿರಲಿಲ್ಲ ಸರ್' ಅಂದಳು. ಆಕೆಯ ಫಾರಂನಲ್ಲಿ 'ವೈಯಕ್ತಿಕ ಕಾರಣ' ಅಂತ ಇತ್ತು. ಆ ಒಂದು ಫಾರಂ ಮಾತ್ರ ನಿಜ ಹೇಳಿತ್ತು ಅನಿಸುತ್ತದೆ.

ಹಾಗಾದರೆ ನೀವು ಬಿಡಬೇಕಾ? ನಿಮ್ಮ ಯೂನಿಟ್ ನೋಡದೆ ನಾನು ಹೂಂ, ಉಹೂಂ ಅನ್ನಲಾರೆ. ಆದರೆ ನೋಡುವುದು ಹೇಗೆ ಅಂತ ಹೇಳಬಲ್ಲೆ.

ಮೊದಲು ಬಿಟ್ಟುಹೋದ ಐದು ಜನ ಯಾವ ಕುರ್ಚಿಯಲ್ಲಿದ್ದರು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಯಾರ ಪಾಲಿಗೆ ನೈಟ್ ಎಷ್ಟು ಬಿತ್ತು, ಯಾರಿಗೆ ಎಷ್ಟು ಯಂತ್ರ, ಎಷ್ಟನೇ ತಿಂಗಳಲ್ಲಿ ಬಿಟ್ಟರು. ಎಲ್ಲ ಒಂದೇ ಕುರ್ಚಿಗೆ ಬಂದು ನಿಂತರೆ ಅದನ್ನು ಹಿಡಿದುಕೊಂಡು ಇನ್‌ಚಾರ್ಜ್ ಹತ್ತಿರ ಮಾತಾಡಿ. ದೂರಿನ ಹಾಗೆ ಬೇಡ. 'ನೈಟ್ ಹಂಚೋದು ಹೀಗೆ ಬದಲಾಯಿಸಿದರೆ ಮುಂದಿನವರು ಉಳೀಬಹುದು' ಅಂತ ಹೇಳಿ ನೋಡಿ. ಕೇಳುವ ಇನ್‌ಚಾರ್ಜ್ ಆದರೆ ಆ ಹಾಳೆಯನ್ನು ಇಸಿದುಕೊಳ್ಳುತ್ತಾರೆ, ಮೇಲಿನವರ ಮುಂದೆ ಅವರಿಗೂ ಅದು ಬೇಕಾಗಿರುತ್ತದೆ. ಒಂದೆರಡು ತಿಂಗಳು ಕೊಡಿ. ಎಂಟು ತಿಂಗಳಲ್ಲಿ ನೀವು ಕಲಿತದ್ದು ಬಹಳ ಇದೆ, ಆದರೆ ಕಷ್ಟದ ಫಿಸ್ಟುಲಾಗೆ ಸೂಜಿ ಹಾಕುವ ಕೈ ಬರಲು ಇನ್ನೂ ಸ್ವಲ್ಪ ಕಾಲ ಬೇಕು. ಎರಡು ವರ್ಷದ ಅನುಭವ ಇದ್ದವರಿಗೆ ಮುಂದಿನ ಬಾಗಿಲು ಸುಲಭವಾಗಿ ತೆರೆಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಬೆಳಗ್ಗೆ ರೋಗಿಗಳನ್ನು ಕೂರಿಸುವ ಮೊದಲು ನೀರಿನ ಪರೀಕ್ಷೆ ಇರುತ್ತದಲ್ಲ. ಒಂದು ಡಯಾಲಿಸಿಸ್‌ಗೆ ನಿಮಿಷಕ್ಕೆ ಅರ್ಧ ಲೀಟರ್ ಲೆಕ್ಕದಲ್ಲಿ ನಾಲ್ಕು ಗಂಟೆಗೆ ಆ ನೀರಿನಿಂದ ಮಾಡಿದ 120 ಲೀಟರ್ ದ್ರಾವಣ ಡಯಲೈಸರ್ ದಾಟಿ ಹೋಗುತ್ತದೆ. ರೋಗಿಯ ರಕ್ತಕ್ಕೂ ಅದಕ್ಕೂ ನಡುವೆ ಇರುವುದು ತೆಳುವಾದ ಒಂದು ಪೊರೆ. ನಲ್ಲಿ ನೀರು ಶುದ್ಧ ಮಾಡಲು ಬಳಸುವ ಕ್ಲೋರಮೈನ್ ಈ ನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು, ಹೆಚ್ಚಾದರೆ ರಕ್ತಕಣಗಳು ಒಡೆಯುವ ಅಪಾಯ ಇದೆ. ಜನ ಕಡಿಮೆ ಇರುವ ಯೂನಿಟ್‌ನಲ್ಲಿ ಮೊದಲು ಬಿಟ್ಟುಹೋಗುವ ಕೆಲಸ ಇದೇ, ಯಾಕೆಂದರೆ ಬಿಟ್ಟರೆ ಯಾರಿಗೂ ಕಾಣುವುದಿಲ್ಲ. 'ಟೈಮ್ ಇಲ್ಲ, ನಿನ್ನೆಯ ರೀಡಿಂಗ್ ಹಾಕಿ ಸಹಿ ಮಾಡು' ಅಂತ ಯಾರಾದರೂ ಹೇಳಿದರೆ, ಅಥವಾ ಯಾರೂ ಹೇಳದೆಯೇ ಅದು ಅಲ್ಲಿ ರೂಢಿ ಆಗಿದ್ದರೆ, ನೀವು ಮಾಡದ ಪರೀಕ್ಷೆಗೆ ನಿಮ್ಮ ಹೆಸರು ಬೀಳುತ್ತಿದೆ ಅಂತ ಅರ್ಥ. ಮೊದಲು ಬರವಣಿಗೆಯಲ್ಲಿ ತಿಳಿಸಿ. ಆಮೇಲೂ ಬದಲಾಗದಿದ್ದರೆ ಎರಡು ವರ್ಷದ ಲೆಕ್ಕ ನೋಡದೆ ಹೊರಡಿ.

ಹೊಸ ಕಡೆ ಇಂಟರ್‌ವ್ಯೂಗೆ ಹೋದಾಗ ಸಂಬಳ ಕೇಳುವ ಮೊದಲು ಕಳೆದ ತಿಂಗಳ ರೋಸ್ಟರ್ ತೋರಿಸಿ ಅಂತ ಕೇಳಿ. ಅಚ್ಚು ಹಾಕಿದ್ದು ಬೇಡ, ಯೂನಿಟ್‌ನ ಗೋಡೆಗೆ ಅಂಟಿಸಿರುತ್ತಾರಲ್ಲ, ಅದು. ಪೆನ್ನಿನಲ್ಲಿ ಹೊಡೆದು ತಿದ್ದಿದ ಹೆಸರು ಎಷ್ಟಿವೆ ಅಂತ ಎಣಿಸಿ. ಒಂದೇ ಹೆಸರು ಎಲ್ಲರ ಜಾಗದಲ್ಲೂ ತೂರಿಸಿದ್ದು ಕಂಡರೆ, ನಿಮ್ಮನ್ನು ಕರೆಯುತ್ತಿರುವುದು ಆ ಹೆಸರಿನ ಜಾಗಕ್ಕೇನಾ ಅಂತಲೂ ಕೇಳಿ.